ಹೊಸ ಮಾಡೆಲ್ ಬರುವ ಹೊತ್ತಿನಲ್ಲಿ ಪವರ್ ಟೂಲ್ ತಗೊಳ್ಳೋದು ಹೇಗೆ

ನಮ್ಮ ಕಡೆ ಮಹಾನವಮಿಗೆ ಖಂಡೇ ಪೂಜೆ ಮಾಡುತ್ತೇವಲ್ಲ, ಆ ಹೊತ್ತಿಗೆ ವರ್ಕ್‌ಶಾಪಿಗೆ ಒಂದಾದರೂ ಹೊಸ ಮಷೀನ್ ಬರಬೇಕು ಅನ್ನೋದು ನನ್ನ ಆಸೆ. ಎರಡು ವರ್ಷದ ಹಿಂದೆ ಹಾಗೇ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ 18 ವೋಲ್ಟಿನ ಬ್ಯಾಟರಿ ಡ್ರಿಲ್ ತಗೊಂಡೆ. ಎರಡು ಬ್ಯಾಟರಿ, ಒಂದು ಚಾರ್ಜರ್, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ಅಂಗಡಿಯವರು "ಇದೊಂದಽ ಪೀಸ್ ಉಳದೈತ್ರಿ ಅಣ್ಣಾರ, ನಾಳೆ ಬಂದ್ರ ಸಿಗೂದಿಲ್ಲ" ಅಂದರು. ನಾನು ಚೌಕಾಸಿಯನ್ನೂ ಮಾಡದೆ ದುಡ್ಡು ಕೊಟ್ಟು ಬಂದೆ.

ದೀಪಾವಳಿ ಮುಗಿದ ಮೇಲೆ ಸ್ಕ್ರೂ ತರಲು ಅದೇ ಅಂಗಡಿಗೆ ಹೋದೆ. ಗಾಜಿನ ಕಪಾಟಿನಲ್ಲಿ ಅದೇ ಕಂಪನಿಯ ಹೊಸ ಡ್ರಿಲ್ ಕೂತಿತ್ತು. ಗಿಡ್ಡದು, ಬ್ರಷ್‌ಲೆಸ್ (ಅಂದರೆ ಮೋಟಾರಿನಲ್ಲಿ ಉಜ್ಜಿ ಸವೆಯುವ ಕಾರ್ಬನ್ ತುಂಡು ಇಲ್ಲದ್ದು), ನಾನು ಕೊಟ್ಟಿದ್ದಕ್ಕಿಂತ ಸ್ವಲ್ಪವೇ ಜಾಸ್ತಿ ರೇಟು. ಪಕ್ಕದಲ್ಲೇ ನಾನು ತಗೊಂಡ ಮಾಡೆಲ್ಲಿನ ಇನ್ನೊಂದು ಪೀಸ್ ಇತ್ತು. ಅದಕ್ಕೆ ಈಗ ಮೂರನೇ ಬ್ಯಾಟರಿ ಫ್ರೀ.

"ಹೊಸಾದು ಬರತೈತಿ ಅಂತ ನಿಮಗ ಮೊದಲಽ ಗೊತ್ತಿತ್ತಲ್ರೀ ಸಾವ್ಕಾರ್ರ?" ಅಂದೆ.

"ಗೊತ್ತಿತ್ರಿ. ನೀವು ಕೇಳಲಿಲ್ಲಲ್ರೀ."

ಆ ಮಾತು ಬಹಳ ದಿನ ಚುಚ್ಚಿತು. ಆದರೆ ಆಮೇಲೆ ಯೋಚನೆ ಮಾಡಿದರೆ ಅದರಲ್ಲಿ ನನಗೆ ಬೇಕಾದ ಪಾಠವೂ ಇತ್ತು. ಆ ಡ್ರಿಲ್ ಇವತ್ತಿಗೂ ಚೆನ್ನಾಗಿ ಓಡುತ್ತಿದೆ. ಗದಗಿನಲ್ಲಿ ಎರಡು ಮಾಡ್ಯುಲರ್ ಕಿಚನ್, ಹಾವೇರಿಯಲ್ಲಿ ಒಂದು ಬಟ್ಟೆ ಅಂಗಡಿಯ ಪೂರ್ತಿ ಫಿಟ್ಟಿಂಗ್ ಅದರಲ್ಲೇ ಮುಗಿಸಿದ್ದೇನೆ. ಮಷೀನ್ ಕೆಟ್ಟದ್ದಲ್ಲ. ಹೋಗುವ ಮಾಡೆಲ್ಲಿಗೆ ಬರುವ ಮಾಡೆಲ್ಲಿನ ರೇಟು ಕೊಟ್ಟೆನಲ್ಲ, ತಪ್ಪಾಗಿದ್ದು ಅಲ್ಲಿ. ಆವತ್ತು ಕೇಳಬೇಕಾಗಿದ್ದು ಏನೇನು, ನೋಡಬೇಕಾಗಿದ್ದು ಏನೇನು ಅನ್ನೋದನ್ನೆಲ್ಲಾ ಇಲ್ಲಿ ಬರೆಯುತ್ತೇನೆ. ನಮ್ಮಂಥ ಸಣ್ಣ ವರ್ಕ್‌ಶಾಪಿನವರಿಗೆ ಒಂದು ಮಷೀನ್ ಅಂದರೆ ಹತ್ತು ಹನ್ನೆರಡು ಸಾವಿರದ ಮಾತು. ಸುಮ್ನೆ ಹೋಗಬಾರದು ಆ ದುಡ್ಡು.

ಹೊಸದು ಬರುತ್ತಿದೆ ಅಂತ ಗೊತ್ತಾಗೋದು ಹೇಗೆ

ಕಂಪನಿಯವರು ನಮಗೆ ಬಂದು ಹೇಳುವುದಿಲ್ಲ. ಆದರೆ ಗುರುತು ಸಿಗುತ್ತವೆ.

ಮೊದಲನೆಯದು ಹೊರದೇಶದ ವೆಬ್‌ಸೈಟು. ಬಾಷ್, ಮಕಿಟಾ, ಡಿವಾಲ್ಟ್, ಹೈಕೋಕಿ ಇವೆಲ್ಲ ಹೊರಗಿನ ಕಂಪನಿಗಳು. ಹೊಸ ಮಾಡೆಲ್ ಜಾಸ್ತಿ ಸಲ ಯುರೋಪಿನಲ್ಲೋ, ಜಪಾನಿನಲ್ಲೋ, ಅಮೆರಿಕದಲ್ಲೋ ಮೊದಲು ಬಂದು ಆಮೇಲೆ ನಮ್ಮ ಕಡೆ ಬರುತ್ತದೆ. ಹಾಗಾಗಿ ನೀವು ನೋಡಿಟ್ಟ ಮಾಡೆಲ್ ನಂಬರನ್ನು ಆ ಕಂಪನಿಯ ಜರ್ಮನಿ ಅಥವಾ ಜಪಾನ್ ಸೈಟಿನಲ್ಲಿ ಹುಡುಕಿ. ಅಲ್ಲಿ ಆ ನಂಬರ್ ಇಲ್ಲವೇ ಇಲ್ಲ ಅಂದರೆ, ಅಥವಾ "ತಯಾರಿ ನಿಂತಿದೆ" ಅಂತ ಬರೆದು ಪಕ್ಕದಲ್ಲಿ ಬೇರೆ ನಂಬರ್ ತೋರಿಸಿದರೆ, ನಮ್ಮ ಅಂಗಡಿಗಳಲ್ಲಿ ಇರೋದು ಕೊನೆಯ ಸ್ಟಾಕ್ ಇರಬಹುದು. ಇರಬಹುದು ಅಂತ ಯಾಕೆ ಅಂದೆ ಅಂದರೆ, ನಮ್ಮ ದೇಶಕ್ಕೆ ಅಂತಲೇ ಮಾಡುವ ಮಾಡೆಲ್‌ಗಳೂ ಇವೆ. ಅವು ಅಲ್ಲಿನ ಸೈಟಿನಲ್ಲಿ ಯಾವತ್ತೂ ಕಾಣುವುದಿಲ್ಲ. ಜರ್ಮನಿಯ ಕಲೋನ್ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಹಾರ್ಡ್‌ವೇರ್ ಮೇಳ ನಡೆಯುತ್ತದೆ. ಅದು ಆದ ವರ್ಷ ಹೊಸ ಮಷೀನುಗಳ ಸುದ್ದಿ, ವಿಡಿಯೋ ಜಾಸ್ತಿ ಹೊರಬೀಳುತ್ತವೆ. ಆಗ ಒಂದು ಕಣ್ಣಿಟ್ಟಿರಿ.

ಎರಡನೆಯ ಗುರುತು ಅಂಗಡಿಯಲ್ಲೇ ಇರುತ್ತದೆ. ಹಿಂದಿನ ತಿಂಗಳು ರಾಶಿ ಇದ್ದ ಮಾಡೆಲ್ ಈಗ ಒಂದೇ ಪೀಸ್, ಅದೂ ಡಿಸ್ಪ್ಲೇದು. ಹೊಸ ಸ್ಟಾಕ್ ತರಿಸಿಲ್ಲ. ಬಾಡಿ ಮಾತ್ರ, ಅಂದರೆ ಬ್ಯಾಟರಿ ಚಾರ್ಜರ್ ಇಲ್ಲದ ಬರೀ ಮಷೀನ್, ಬೇಕು ಅಂದರೆ ಸಿಗಲ್ಲ, ಕಿಟ್ ಮಾತ್ರ ಇದೆ. ಕಿಟ್ ಜೊತೆ ಬಿಟ್ ಸೆಟ್ ಫ್ರೀ, ಬ್ಯಾಗ್ ಫ್ರೀ, ಬ್ಯಾಟರಿ ಫ್ರೀ. ಒಂದೇ ಮಾಡೆಲ್ಲಿಗೆ ಇವೆಲ್ಲ ಒಟ್ಟಿಗೆ ಶುರುವಾದರೆ ಗೋದಾಮು ಖಾಲಿ ಮಾಡುತ್ತಿದ್ದಾರೆ ಅಂತಲೇ ತಿಳಿಯಿರಿ. ಆದರೆ ದಸರಾ ದೀಪಾವಳಿ ಸಮಯದಲ್ಲಿ ಸ್ಕೀಮ್ ಹೇಗೂ ಇರುತ್ತವೆ, ಮಾರ್ಚಿನಲ್ಲಿ ವರ್ಷದ ಲೆಕ್ಕ ಮುಗಿಸಲು ಡೀಲರುಗಳಿಗೆ ಅವಸರ ಇರುತ್ತದೆ. ಆಗ ಬರೀ ಸ್ಕೀಮ್ ನೋಡಿ ತೀರ್ಮಾನ ಮಾಡಬೇಡಿ.

ಮೂರನೆಯದು, ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಇರೋದು, ಸರ್ವಿಸ್ ಸೆಂಟರ್. ಮಾರುವವರಿಗೆ ಮಾರುವ ಚಿಂತೆ ಇರುತ್ತದೆ. ರಿಪೇರಿ ಟೇಬಲ್ಲಿನ ಹಿಂದೆ ಕೂತ ಹುಡುಗನಿಗೆ ಆ ಚಿಂತೆ ಇಲ್ಲ. ಮೋಟಾರಿನ ಕಾರ್ಬನ್ ತರಲು ಹೋದಾಗ ಒಂದು ಮಾತು ಕೇಳಿ, "ತಮ್ಮಾ, ಈ ಮಾಡೆಲ್ ಇನ್ನ ಬರತೈತೇನು, ನಿಂತೈತೇನು?" ಅಂತ. ಯಾವುದರ ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ) ಈಗ ಸುಲಭವಾಗಿ ಬರುತ್ತಿದೆ, ಯಾವುದಕ್ಕೆ ತಿಂಗಳುಗಟ್ಟಲೆ ಕಾಯಬೇಕು ಅನ್ನೋದು ಅವನಿಗೆ ಬಾಯಿಪಾಠ.

ಇನ್ನು ಅಂಗಡಿಯವರನ್ನೇ ನೇರವಾಗಿ ಕೇಳಿ. ನಾನು ಈಗ ಹೀಗೆ ಕೇಳುತ್ತೇನೆ: "ಸಾವ್ಕಾರ್ರ, ಇದರ ಮುಂದಿನ ಮಾಡೆಲ್ ಬಂದೈತೇನ್ರಿ? ಕಂಪನಿ ಮಂದಿ ಏನರ ಹೇಳ್ಯಾರೇನ್ರಿ?" ಹೀಗೆ ಕೇಳಿದ ಮೇಲೆ ಮುಖದ ಮೇಲೆ ಸುಳ್ಳು ಹೇಳುವ ಅಂಗಡಿಯವರು ನನಗೆ ಇನ್ನೂ ಸಿಕ್ಕಿಲ್ಲ. ವರ್ಷಾನುಗಟ್ಟಲೆ ಗಿರಾಕಿ ಉಳಿಯಬೇಕು ಅಂತ ಅವರಿಗೂ ಇರುತ್ತದೆ, ಅಲ್ವಾ.

ಬಾಕ್ಸಿನ ಮೇಲಿನ ಚೀಟಿ, ಮಷೀನಿನ ಮೇಲಿನ ಪಟ್ಟಿ

ಬಾಕ್ಸ್ ಕೈಗೆ ಬಂದ ಕೂಡಲೇ ನಾನು ಅದನ್ನು ಬಿಚ್ಚುವುದಿಲ್ಲ, ತಿರುಗಿಸುತ್ತೇನೆ. ಪ್ಯಾಕ್ ಮಾಡಿ ಮಾರುವ ಸಾಮಾನಿನ ಮೇಲೆ ಎಂಆರ್‌ಪಿ, ತಯಾರಕರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ತಯಾರಾದ ತಿಂಗಳು ವರ್ಷ, ಗ್ರಾಹಕರ ದೂರಿಗೆ ಫೋನ್ ನಂಬರ್ ಇವೆಲ್ಲ ಇರಲೇಬೇಕು, ಅದು ಕಾನೂನು. ನಮಗೆ ಬೇಕಾದ್ದು ಆ ತಿಂಗಳು, ವರ್ಷ. ಮೂರ್ನಾಲ್ಕು ತಿಂಗಳ ಹಿಂದಿನದಾದರೆ ಮಾಲು ಓಡಾಡುತ್ತಿದೆ ಅಂತ ಅರ್ಥ. ಒಂದೂವರೆ ವರ್ಷದ ಹಿಂದಿನದಾದರೆ ಕೂತ ಮಾಲು. ತಂತಿ ಇರುವ ಗ್ರೈಂಡರ್‌ಗೆ (ಲೋಹ ಕೊಯ್ಯುವ, ಉಜ್ಜುವ ಮಷೀನಿಗೆ) ಅದು ದೊಡ್ಡ ವಿಷಯ ಅಲ್ಲ. ಬ್ಯಾಟರಿ ಮಷೀನಿಗೆ ದೊಡ್ಡ ವಿಷಯವೇ. ಲಿಥಿಯಂ ಬ್ಯಾಟರಿ ಸುಮ್ನೆ ಕೂತಲ್ಲೇ ನಿಧಾನಕ್ಕೆ ಇಳಿಯುತ್ತದೆ. ಪೂರ್ತಿ ಇಳಿದು ಹಾಗೇ ತಿಂಗಳುಗಟ್ಟಲೆ ಬಿದ್ದರೆ ಸೆಲ್ಲುಗಳಿಗೆ ಪೆಟ್ಟು ಬೀಳುತ್ತದೆ, ಚಾರ್ಜರ್ ಅದನ್ನು ತಗೊಳ್ಳುವುದೇ ಇಲ್ಲ.

ಆಮೇಲೆ ಮಷೀನಿನ ಮೈಮೇಲಿನ ಪಟ್ಟಿ. ಒಂದೇ ಮಾಡೆಲ್ ಹೆಸರಿನಲ್ಲಿ ಒಳಗಿನ ಸಾಮಾನು ಬದಲಾಗಿರುತ್ತದೆ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಡಿವಾಲ್ಟ್ ಪಟ್ಟಿಯಲ್ಲಿ "ಟೈಪ್ 1", "ಟೈಪ್ 2" ಅಂತ ಇರುತ್ತದೆ. ಮಾಡೆಲ್ ನಂಬರ್ ಒಂದೇ ಆದರೂ ಟೈಪ್ ಬೇರೆ ಆದರೆ ಕೆಲವು ಸ್ಪೇರ್ ಬೇರೆ. ಬಾಷ್ ಮಷೀನಿನ ಮೇಲೆ ಹತ್ತು ಅಂಕಿಯ ಒಂದು ನಂಬರ್ ಇರುತ್ತದೆ, ಸ್ಪೇರ್ ಹುಡುಕುವಾಗ ಹೆಸರಿಗಿಂತ ಆ ನಂಬರೇ ಮುಖ್ಯ. ಇವೆರಡನ್ನೂ ಅಂಗಡಿಯಲ್ಲೇ ಫೋಟೋ ಹೊಡೆದುಕೊಳ್ಳಿ. ಎರಡು ವರ್ಷ ಬಳಸಿದ ಮೇಲೆ ಆ ಪಟ್ಟಿ ಗೀರು ಬಿದ್ದು ಓದಲು ಬರುವುದಿಲ್ಲ.

ಬದಲಾಗಿದ್ದು ಏನು ಅನ್ನೋದೇ ದೊಡ್ಡ ಪ್ರಶ್ನೆ

ಹೊಸದು ಬರುತ್ತಿದೆ ಅಂತ ಖಾತ್ರಿಯಾಯಿತು ಅಂತಿಟ್ಟುಕೊಳ್ಳಿ. ಹಾಗಂತ ಕಾಯಲೇಬೇಕು ಅಂತೇನಿಲ್ಲ. ಹೊಸದರಲ್ಲಿ ಏನು ಬದಲಾಗಿದೆ, ಅದು ನಿಮ್ಮ ಕೆಲಸಕ್ಕೆ ತಾಗುತ್ತದೆಯೇ ಅನ್ನೋದನ್ನು ನೋಡಬೇಕು.

ಕೆಲವು ಸಲ ಬದಲಾಗೋದು ಜಾಸ್ತಿ ಹೆಸರೇ. ನಮ್ಮ ಕಡೆ ಪ್ರತಿ ಫ್ಯಾಬ್ರಿಕೇಶನ್ ಅಂಗಡಿಯಲ್ಲೂ ಕಾಣುವ ಬಾಷ್ ಸಣ್ಣ ಗ್ರೈಂಡರ್ ನೋಡಿ. ಮೊದಲು ಜಿಡಬ್ಲ್ಯೂಎಸ್ 6-100 ಇತ್ತು, ಆಮೇಲೆ ಜಿಡಬ್ಲ್ಯೂಎಸ್ 600 ಬಂತು. ಎರಡಕ್ಕೂ 100 ಮಿ.ಮೀ. ಡಿಸ್ಕು. ನಿಮ್ಮ ಹತ್ತಿರ ಒಂದು ಡಬ್ಬ ಕಟಿಂಗ್ ಡಿಸ್ಕ್ ಇದ್ದರೆ ಎರಡಕ್ಕೂ ನಡೆಯುತ್ತದೆ. ಹಿಟಾಚಿ ಕೋಕಿ 2018ರಲ್ಲಿ ತನ್ನ ಮಷೀನುಗಳ ಬ್ರ್ಯಾಂಡ್ ಹೆಸರನ್ನು ಹೈಕೋಕಿ ಅಂತ ಬದಲಿಸಿತು. ಹಸಿರು ಮಷೀನ್ ಅದೇ, ಸ್ಟಿಕ್ಕರ್ ಬೇರೆ. ಇಂಥ ಹೊತ್ತಿನಲ್ಲಿ ಹಳೆ ಹೆಸರಿನದು ಕಡಿಮೆಗೆ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಬಹುದು.

ಇನ್ನು ಕೆಲವು ಸಲ ಅಳತೆ ಸ್ವಲ್ಪ ಬದಲಾಗುತ್ತದೆ, ಆದರೆ ಆ ಸ್ವಲ್ಪವೇ ಕೆಲವರಿಗೆ ಬಹಳ. ಮಕಿಟಾದ ಡಿಟಿಡಿ 152 ಇಂಪ್ಯಾಕ್ಟ್ ಡ್ರೈವರ್ (ಸ್ಕ್ರೂ ಹೊಡೆಯುವ ಮಷೀನ್) ಆದ ಮೇಲೆ ಡಿಟಿಡಿ 153 ಬಂತು. ಟಾರ್ಕ್, ಅಂದರೆ ತಿರುಗಿಸುವ ಬಲ, 165 ನ್ಯೂಟನ್ ಮೀಟರ್ ಇದ್ದದ್ದು 170 ಆಯಿತು, ಅದೇನು ಕೈಗೆ ಗೊತ್ತಾಗಲ್ಲ. ಆದರೆ ಉದ್ದ 137 ಮಿ.ಮೀ. ಇದ್ದದ್ದು 126ಕ್ಕೆ ಇಳಿಯಿತು. 11 ಮಿ.ಮೀ. ಅಂದರೆ ನಗು ಬರಬಹುದು. ಅಡುಗೆಮನೆಯ ಕಟ್ಟೆ ಕೆಳಗೆ ತಲೆ ತೂರಿಸಿ, ಎರಡು ಪ್ಲೈವುಡ್ ಬಾಕ್ಸಿನ ನಡುವೆ ಸ್ಕ್ರೂ ಹೊಡೆಯುವವನನ್ನು ಕೇಳಿ ನೋಡಿ. ಮಷೀನ್ ನೇರ ನಿಲ್ಲದೆ ಓರೆಯಾಗಿ ನಿಂತರೆ ಬಿಟ್ ಜಾರುತ್ತದೆ, ಸ್ಕ್ರೂ ತಲೆ ಸವೆಯುತ್ತದೆ, ಲ್ಯಾಮಿನೇಟ್ ಮೇಲೆ ಗೀರು ಬೀಳುತ್ತದೆ. ಅದೇ ಹೊರಗೆ ತಗಡಿನ ಶೆಡ್ಡಿಗೆ ಸ್ಕ್ರೂ ಹೊಡೆಯುವವನಿಗೆ ಈ 11 ಮಿ.ಮೀ.ನಿಂದ ಏನೂ ಆಗಬೇಕಾಗಿಲ್ಲ. ಅವನು ಹಳೆಯದನ್ನೇ ಕಡಿಮೆಗೆ ತಗೊಂಡು ಉಳಿದ ದುಡ್ಡಿಗೆ ಬಿಟ್ ತರಲಿ.

ಕಾರ್ಬನ್ ಇರುವ ಮೋಟಾರಿನಿಂದ ಬ್ರಷ್‌ಲೆಸ್‌ಗೆ ಹೋಗಿದ್ದರೆ ಅದು ನಿಜವಾದ ಬದಲಾವಣೆ, ಡಿಟಿಡಿ 152ರಿಂದ 153ಕ್ಕೆ ಅದೂ ಆಗಿದೆ. ಬ್ರಷ್‌ಲೆಸ್‌ನಲ್ಲಿ ಕಾರ್ಬನ್ ಉಜ್ಜುವುದಿಲ್ಲ, ಕಿಡಿ ಇಲ್ಲ, ಬಿಸಿ ಕಡಿಮೆ, ಅದೇ ಬ್ಯಾಟರಿಯಲ್ಲಿ ಜಾಸ್ತಿ ಹೊತ್ತು ಕೆಲಸ ಆಗುತ್ತದೆ. ದಿನಪೂರ್ತಿ ಓಡಿಸುವವರು ಇದಕ್ಕೆ ಕಾಯಬಹುದು. ಆದರೆ ಒಂದು ಮಾತು ನೆನಪಿರಲಿ. ಕಾರ್ಬನ್ ಮಷೀನ್ ನಿಂತರೆ ನೂರಿನ್ನೂರು ರೂಪಾಯಿ ಒಳಗೆ ಕಾರ್ಬನ್ ಹಾಕಿ ಮತ್ತೆ ಕೆಲಸ ಶುರು ಮಾಡಬಹುದು. ಬ್ರಷ್‌ಲೆಸ್‌ನ ಸರ್ಕ್ಯೂಟ್ ಹೋದರೆ ಮೂಲೆ ಅಂಗಡಿಯ ಮೆಕ್ಯಾನಿಕ್ ಕೈಯಲ್ಲಿ ಆಗಲ್ಲ, ಬೋರ್ಡೇ ಬದಲಿಸಬೇಕು.

ಬಿಟ್ಟನ್ನೋ ಡಿಸ್ಕನ್ನೋ ಹಿಡಿಯುವ ಜಾಗ, ಅಂದರೆ ಚಕ್ ಮತ್ತು ಸ್ಪಿಂಡಲ್, ಬದಲಾಗಿದೆಯೇ ಅಂತಲೂ ನೋಡಿ. 100 ಮಿ.ಮೀ. ಗ್ರೈಂಡರ್ ಡಿಸ್ಕಿನ ರಂಧ್ರ 16 ಮಿ.ಮೀ., 125ರದ್ದು 22 ಮಿ.ಮೀ. ಮೇಲೆ. ಒಂದರದ್ದು ಇನ್ನೊಂದಕ್ಕೆ ಕೂಡುವುದಿಲ್ಲ. ಬಾಷ್‌ನ ಎಕ್ಸ್‌ಲಾಕ್ ಗ್ರೈಂಡರ್‌ಗೆ ಎಕ್ಸ್‌ಲಾಕ್ ಡಿಸ್ಕೇ ಬೇಕು, ಮಾಮೂಲಿ ಡಿಸ್ಕ್ ಹಿಡಿಯಲ್ಲ. ಹೊಸ ಮಾಡೆಲ್ ಅಂತ ತಂದು ಮನೆಯಲ್ಲಿರುವ ಡಿಸ್ಕನ್ನೆಲ್ಲ ಪಕ್ಕಕ್ಕೆ ಇಡುವ ಹಾಗೆ ಆಗಬಾರದು. ಕಾಂಕ್ರೀಟಿಗೆ ತೂತು ಹೊಡೆಯುವ ಎಸ್‌ಡಿಎಸ್ ಪ್ಲಸ್ ರೋಟರಿ ಹ್ಯಾಮರ್‌ನವರಿಗೆ ಈ ತಲೆನೋವಿಲ್ಲ. ಎಸ್‌ಡಿಎಸ್ ಪ್ಲಸ್ ಬಿಟ್ಟಿನ 10 ಮಿ.ಮೀ. ಬುಡ ಎಷ್ಟೋ ವರ್ಷದಿಂದ ಹಾಗೇ ಇದೆ, ಯಾವ ಕಂಪನಿಯದಾದರೂ ನಡೆಯುತ್ತದೆ.

ಬ್ಯಾಟರಿ ನೋಡದೆ ಮಷೀನ್ ನೋಡಬೇಡಿ

ಇಷ್ಟೆಲ್ಲ ಹೇಳಿದರಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಮಷೀನ್ ಹಳೆಯದಾದರೆ ಪರವಾಗಿಲ್ಲ, ಬ್ಯಾಟರಿಯ ದಾರಿ ಮುಚ್ಚಿದರೆ ಕಷ್ಟ.

ನಮ್ಮ ಪಕ್ಕದ ಶೆಡ್ಡಿನ ಕಾಕಾ ಹತ್ತಿರ 14.4 ವೋಲ್ಟಿನ ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಒಂದು ಡ್ರಿಲ್ ಇದೆ. ಗೇರು ಇನ್ನೂ ಗಟ್ಟಿ, ಚಕ್ ಒಂದಿಷ್ಟೂ ಅಲುಗಲ್ಲ. ಬ್ಯಾಟರಿ ಮಾತ್ರ ಎಲ್ಲೂ ಸಿಗಲ್ಲ. ಅದು ಈಗ ಮೊಳೆಗೆ ನೇತಾಡುತ್ತಿದೆ. ಅವರು ಅದನ್ನು ಪ್ರತಿ ಖಂಡೇ ಪೂಜೆಗೆ ಒರೆಸಿ ಕುಂಕುಮ ಹಚ್ಚುತ್ತಾರೆ. ನೋಡಿದರೆ ಕರುಳು ಚುರ್ ಅನ್ನುತ್ತದೆ.

ಆದ್ದರಿಂದ ಹೊಸ ಮಾಡೆಲ್ ಹಳೆಯ ಬ್ಯಾಟರಿಯಲ್ಲೇ ಓಡುತ್ತದೆಯೇ ಅಂತ ಮೊದಲು ಕೇಳಿ. ಓಡುತ್ತದೆ ಅಂದರೆ ಹಳೆಯ ಮಾಡೆಲ್ ತಗೊಳ್ಳಲು ಹೆದರಿಕೆ ಬೇಡ, ನಾಳೆ ಹೊಸದರ ಬಾಡಿ ಮಾತ್ರ ತಂದರೂ ಇದೇ ಬ್ಯಾಟರಿ ಹಾಕಬಹುದು. ಮಕಿಟಾದ 18 ವೋಲ್ಟ್ ಎಲ್‌ಎಕ್ಸ್‌ಟಿ ಸಾಲು 2005ರಿಂದ ನಡೆದುಕೊಂಡು ಬಂದಿದೆ. 2019ರಲ್ಲಿ ಜಪಾನಿನಲ್ಲಿ ಅವರೇ 40 ವೋಲ್ಟ್ ಎಕ್ಸ್‌ಜಿಟಿ ಅಂತ ಬೇರೆ ಸಾಲು ತಂದರು. ಅದರ ಬ್ಯಾಟರಿ ಇದಕ್ಕಿಲ್ಲ, ಇದರದ್ದು ಅದಕ್ಕಿಲ್ಲ. ಒಂದೇ ಕಂಪನಿ, ಒಂದೇ ಬಣ್ಣ, ಆದರೂ ಎರಡು ಮನೆ. ಬಾಷ್‌ನಲ್ಲಿ ನೀಲಿ ಮಷೀನಿನ (ಕೆಲಸಗಾರರದ್ದು) 18 ವೋಲ್ಟ್ ಬ್ಯಾಟರಿ ಹಸಿರು ಮಷೀನಿಗೆ (ಮನೆಬಳಕೆಯದ್ದು) ಕೂಡುವುದಿಲ್ಲ. ಡಿವಾಲ್ಟ್‌ನ ಫ್ಲೆಕ್ಸ್‌ವೋಲ್ಟ್ ಬ್ಯಾಟರಿ ಹಾಗಲ್ಲ. ಅದು ದೊಡ್ಡ ಮಷೀನಿಗೆ ಹಾಕಿದಾಗ ಜಾಸ್ತಿ ವೋಲ್ಟ್ ಕೊಡುತ್ತದೆ, 18 ವೋಲ್ಟಿನ ಮಷೀನಿಗೆ ಹಾಕಿದರೆ 18ಕ್ಕೆ ಹೊಂದಿಕೊಳ್ಳುತ್ತದೆ. ಇಂಥ ಹೊಸದು ಬಂದರೆ ಹಳೆಯ ಮಷೀನಿಗೂ ಲಾಭವೇ.

ಇಲ್ಲೇ ಇನ್ನೊಂದು ಗೊಂದಲ. "ಇದು 18 ವೋಲ್ಟ್ ಹಳೇದು, ಇದು 20 ವೋಲ್ಟ್ ಹೊಸಾದು" ಅಂತ ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ಒಂದು ಲಿಥಿಯಂ ಸೆಲ್ ಅಂದರೆ ಲೆಕ್ಕಕ್ಕೆ 3.6 ವೋಲ್ಟ್, ಐದು ಸೇರಿದರೆ 18. ಪೂರ್ತಿ ಚಾರ್ಜ್ ಆದ ಕ್ಷಣಕ್ಕೆ ಒಂದೊಂದೂ 4 ವೋಲ್ಟ್ ದಾಟುತ್ತದೆ, ಐದಕ್ಕೆ 20 ಆಯಿತು. "20 ವೋಲ್ಟ್ ಮ್ಯಾಕ್ಸ್" ಅನ್ನೋದೂ ಅದೇ ಐದು ಸೆಲ್ಲು. ಹೊಸ ಶಕ್ತಿ ಏನೂ ಬಂದಿಲ್ಲ. ಆ ಎರಡು ವೋಲ್ಟಿಗೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಸ್ಪೇರ್ ವಿಷಯದಲ್ಲಿ ಹಳೆಯದೇ ವಾಸಿ

ಇದು ನನ್ನ ಗಟ್ಟಿ ಅಭಿಪ್ರಾಯ, ಒಪ್ಪದವರೂ ಇರಬಹುದು. ಹೊಸ ಮಾಡೆಲ್ ಬಂದ ಮೊದಲ ಕೆಲವು ತಿಂಗಳು ಅದರ ಸ್ಪೇರ್ ಊರಲ್ಲಿ ಸಿಗುವುದು ಕಷ್ಟ. ಬೆಂಗಳೂರಿನಿಂದ ತರಿಸಬೇಕು, ಕಾಯಬೇಕು. ಬಹಳ ದಿನ ಓಡಿದ ಮಾಡೆಲ್ ಆದರೆ ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಕಾರ್ಬನ್, ಸ್ವಿಚ್, ಬೇರಿಂಗ್ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತವೆ, ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆ ಆರ್ಮೇಚರ್ ರಿವೈಂಡಿಂಗ್ ಮಾಡುವವರಿಗೂ ಅದರ ಸುತ್ತಿನ ಲೆಕ್ಕ ಬಾಯಲ್ಲೇ ಇರುತ್ತದೆ. ಗದಗ, ಹಾವೇರಿಯಲ್ಲಿ ಕೆಲಸ ಮಾಡುವವರಿಗೆ ಇದು ಇನ್ನೂ ಮುಖ್ಯ. ಒಂದು ಸ್ವಿಚ್ಚಿಗೆ ಹುಬ್ಬಳ್ಳಿಗೆ ಬಸ್ ಹತ್ತಿದರೆ ಅರ್ಧ ದಿನ ಹೋಯಿತು.

ತಂತಿಯ ಮಷೀನಿಗೆ, ಅಂದರೆ ಗ್ರೈಂಡರ್, ಮಾರ್ಬಲ್ ಕಟರ್, ಹ್ಯಾಮರ್, ರಂದ ಇವಕ್ಕೆ, ಹಳೆಯ ಮಾಡೆಲ್ ಕಡಿಮೆಗೆ ಸಿಕ್ಕರೆ ನಾನು ಬಿಡುವುದೇ ಇಲ್ಲ. ಬೇಕಾದರೆ ಎರಡು ಜೊತೆ ಕಾರ್ಬನ್ ಅವತ್ತೇ ಎತ್ತಿಟ್ಟುಕೊಳ್ಳಿ. ಆದರೆ ಮಾಡೆಲ್ ನಿಂತ ಮೇಲೂ ಅದೇ ಹೆಸರಿನ ನಕಲಿ ಮಾಲು ಬಜಾರಿನಲ್ಲಿ ಓಡಾಡುತ್ತದೆ. ನಂಬಲಾಗದಷ್ಟು ಕಡಿಮೆ ರೇಟು, ಬಿಲ್ ಇಲ್ಲ, ಪಟ್ಟಿಯ ಮೇಲಿನ ಅಕ್ಷರ ಉಗುರಿನಿಂದ ಕೆರೆದರೆ ಏಳುತ್ತದೆ ಅಂದರೆ ಮುಟ್ಟಬೇಡಿ.

ಕಾಯಬೇಕೋ, ತಗೊಳ್ಳಬೇಕೋ

ಕೈಯಲ್ಲಿ ಕೆಲಸ ಇದೆ, ಮಷೀನ್ ಕೈಕೊಟ್ಟಿದೆ ಅಂದರೆ ಯೋಚನೆಯೇ ಬೇಡ, ಇವತ್ತೇ ತಗೊಳ್ಳಿ. ಒಂದು ಉದಾಹರಣೆ ಲೆಕ್ಕ ಹಾಕೋಣ. ಹೊಸದಕ್ಕೆ ಕಾದರೆ ಹಳೆಯದರ ರೇಟಿನಲ್ಲಿ 1,500 ರೂಪಾಯಿ ಉಳಿಯುತ್ತದೆ ಅಂತಿಟ್ಟುಕೊಳ್ಳಿ. ಮಷೀನ್ ಇಲ್ಲದೆ ಇಬ್ಬರು ಹುಡುಗರು ಒಂದು ದಿನ ಕೂತರೆ, ತಲಾ 800 ಪಗಾರ ಹಿಡಿದರೂ 1,600 ಅಲ್ಲೇ ಹೋಯಿತು. ಮನೆ ಮಾಲೀಕರ ಫೋನು ಬೇರೆ. ಒಂದೆರಡು ವಾರದ ಮಾತಾದರೆ ಬಾಡಿಗೆಗೆ ತಂದು ದಾಟಿಸಬಹುದು, ಕಾಂಕ್ರೀಟ್ ಒಡೆಯುವ ಬ್ರೇಕರ್‌ನಂಥ ದೊಡ್ಡ ಮಷೀನಿಗಂತೂ ಅದೇ ಸರಿ.

ಅವಸರ ಇಲ್ಲ, ಇರುವ ಮಷೀನ್ ಇನ್ನೂ ಓಡುತ್ತಿದೆ ಅಂದರೆ ಕಾಯಿರಿ. ಆದರೆ ಹೊಸದು ಬಂದ ಮಾರನೇ ದಿನ ಓಡಬೇಡಿ. ಆಗ ಅದರ ರೇಟು ಮೇಲೆ, ಸ್ಕೀಮ್ ಇಲ್ಲ, ಸ್ಪೇರ್ ಇಲ್ಲ. ನನ್ನ ಅನುಭವದಲ್ಲಿ ಹೊಸದು ಕಪಾಟಿಗೆ ಬಂದ ಮೇಲಿನ ಒಂದೆರಡು ತಿಂಗಳೇ ಹಳೆಯದನ್ನು ತಗೊಳ್ಳಲು ಒಳ್ಳೆಯ ಹೊತ್ತು. ಅಂಗಡಿಯವರಿಗೆ ಅದು ಜಾಗ ತಿನ್ನುವ ಮಾಲು, ಕೊಟ್ಟು ಕೈ ತೊಳೆದುಕೊಳ್ಳೋಣ ಅಂತ ಅವರಿಗೂ ಇರುತ್ತದೆ.

ಮಾತಾಡುವ ರೀತಿ

ರೇಟು ಕೇಳುವಾಗ "ಕಡಿಮೆ ಮಾಡ್ರಿ" ಅಂತ ಅಷ್ಟೇ ಅಂದರೆ ನೂರು ರೂಪಾಯಿ ಬಿಡುತ್ತಾರೆ. ಗೊತ್ತಿದ್ದದ್ದನ್ನು ಇಟ್ಟು ಮಾತಾಡಿ. "ಇದು ಹೋದ ವರ್ಷದ ಮಾಲು ಐತ್ರಿ, ತಿಂಗಳ ಇಲ್ಲೇ ಬರದೈತಿ. ಹೊಸಾದು ಬರೂದೈತಿ ಅಂತ ನನಗೂ ಗೊತ್ತೈತಿ. ಇದನ್ನ ನಾ ಒಯ್ತೀನಿ, ರೇಟ್ ಸರಿ ಹೇಳ್ರಿ." ಜಗಳದ ದನಿ ಬೇಡ. ಒಂದು ನಗು ಇರಲಿ. ನಡೆಯುವ ರೇಟಿಗಿಂತ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಇಳಿಯದಿದ್ದರೆ ನಾನು ಹೋಗುವ ಮಾಡೆಲ್ ತಗೊಳ್ಳುವುದಿಲ್ಲ. ನಡೆಯುವ ರೇಟು ಅಂದೆ, ಎಂಆರ್‌ಪಿ ಅನ್ನಲಿಲ್ಲ. ಎಂಆರ್‌ಪಿಗೆ ಹೋಲಿಸಿ "ಇಷ್ಟು ಡಿಸ್ಕೌಂಟ್" ಅಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೋಗುವ ಮುಂಚೆ ಎರಡು ಅಂಗಡಿಯಲ್ಲಿ ಕೇಳಿ, ಆನ್‌ಲೈನ್‌ನಲ್ಲೂ ಒಮ್ಮೆ ನೋಡಿ.

ದುಡ್ಡು ಬಿಡಲು ಮನಸ್ಸಿಲ್ಲದವರು ಸಾಮಾನು ಕೊಡಲು ಒಪ್ಪುತ್ತಾರೆ. ಆಗ ಬ್ಯಾಗು, ಟೀಶರ್ಟು ಬೇಡ ಅನ್ನಿ. ಬ್ಯಾಟರಿ ಕೇಳಿ. ಅದು ಆಗಲ್ಲ ಅಂದರೆ ಒಳ್ಳೆಯ ಬ್ಲೇಡು, ಡಿಸ್ಕು, ಬಿಟ್ಟು. ಬ್ಯಾಟರಿ ಕೊಟ್ಟರೆ ಅದರ ತಿಂಗಳೂ ನೋಡಿ, ಅದೂ ಕೂತ ಮಾಲಾಗಿರಬಾರದು.

ಪಕ್ಕಾ ಬಿಲ್ ಕೇಳಿ. ಪವರ್ ಟೂಲಿಗೆ ಜಿಎಸ್‌ಟಿ ನೂರಕ್ಕೆ 18. "ಬಿಲ್ ಬ್ಯಾಡ ಅಂದ್ರ ಇಷ್ಟು ಕಡಿಮಿ" ಅನ್ನುವ ಮಾತು ಬರಬಹುದು. ಹೋಗುವ ಮಾಡೆಲ್ಲಿಗೆ ಅದು ದೊಡ್ಡ ತಪ್ಪು. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ, ಮಷೀನ್ ತಯಾರಾದ ದಿನದಿಂದ ಲೆಕ್ಕ ಹಿಡಿದು ವಾರಂಟಿ ಮುಗಿದಿದೆ ಅಂದರೂ ನೀವು ಸುಮ್ಮನಾಗಬೇಕಾಗುತ್ತದೆ. ಬಿಲ್ಲಿನಲ್ಲಿ ಮಾಡೆಲ್ ನಂಬರ್, ಸೀರಿಯಲ್ ನಂಬರ್ ಎರಡೂ ಬರೆಸಿ. ಜಿಎಸ್‌ಟಿ ನಂಬರ್ ಇರುವ ವರ್ಕ್‌ಶಾಪಿನವರಾದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಆ ತೆರಿಗೆಯನ್ನು ಮುರಿದುಕೊಳ್ಳಬಹುದು.

ದುಡ್ಡು ಕೊಡುವ ಮುಂಚೆ ಐದು ನಿಮಿಷ

ಕೂತ ಮಾಲು ಅಂದ ಮೇಲೆ ಅಲ್ಲೇ ಓಡಿಸಿ ನೋಡಲೇಬೇಕು. ಡ್ರಿಲ್ ಆದರೆ ನಾನು ಜೇಬಿನಲ್ಲಿ ನೇರ ಇರುವ ಒಂದು 6 ಮಿ.ಮೀ. ಬಿಟ್ ಇಟ್ಟುಕೊಂಡು ಹೋಗುತ್ತೇನೆ. ಅದನ್ನು ಚಕ್‌ಗೆ ಹಾಕಿ, ಮಷೀನನ್ನು ಕೌಂಟರ್ ಮೇಲೆ ಒತ್ತಿ ಹಿಡಿದು, ಸ್ವಿಚ್ ಅರ್ಧ ಒತ್ತಿ ನಿಧಾನಕ್ಕೆ ತಿರುಗಿಸುತ್ತೇನೆ. ಬಿಳಿ ಗೋಡೆ ಅಥವಾ ಒಂದು ಹಾಳೆ ಹಿಂದೆ ಇದ್ದರೆ ಚೆನ್ನಾಗಿ ಕಾಣುತ್ತದೆ. ಬಿಟ್ಟಿನ ತುದಿ ಒಂದೇ ಕಡೆ ನಿಂತು ತಿರುಗಬೇಕು. ಸಣ್ಣ ಸೊನ್ನೆ ಬರೆದ ಹಾಗೆ ಕಂಡರೆ ಬಿಟ್ ತೆಗೆದು ಮತ್ತೆ ಹಾಕಿ. ಆಗಲೂ ಹಾಗೇ ಅಂದರೆ ಚಕ್ ಸರಿ ಇಲ್ಲ, ಬೇರೆ ಪೀಸ್ ಕೇಳಿ. ಗ್ರೈಂಡರ್ ಆದರೆ ಆಫ್ ಇದ್ದಾಗ ಸ್ಪಿಂಡಲ್ ಹಿಡಿದು ಆಚೆ ಈಚೆ ಅಲುಗಿಸಿ. ಆಮೇಲೆ ಡಿಸ್ಕ್ ಇಲ್ಲದೆ ಒಂದು ನಿಮಿಷ ಓಡಿಸಿ, ಗಾಳಿ ಹೊರಗೆ ಬರುವ ಕಿಂಡಿಯಲ್ಲಿ ನೋಡಿ. ಮೊದಲು ಸಣ್ಣ ಕಿಡಿ ಇರೋದು ಸಹಜ, ಸುತ್ತ ಬೆಂಕಿಯ ಬಳೆ ಕಂಡರೆ ಬೇಡ. ಗೇರ್ ತಲೆಯ ಜೋಡಣೆಯಲ್ಲಿ ಗ್ರೀಸ್ ಸೋರಿ ಒಣಗಿದೆಯೇ, ತಂತಿ ಬಿರುಸಾಗಿದೆಯೇ ಅಂತಲೂ ಕೈಯಾಡಿಸಿ.

ಬ್ಯಾಟರಿ ಎರಡನ್ನೂ ನೋಡಿ, ಒಂದನ್ನಲ್ಲ. ಗುಂಡಿ ಒತ್ತಿದರೆ ಒಂದಾದರೂ ದೀಪ ಹತ್ತಬೇಕು. ಹತ್ತದಿದ್ದರೆ ಅಲ್ಲೇ ಚಾರ್ಜರ್‌ಗೆ ಹಾಕಿಸಿ, ಚಹಾ ಕುಡಿದು ಬರುವಷ್ಟರಲ್ಲಿ ಚಾರ್ಜ್ ಏರುತ್ತಿದೆಯೇ, ಅಥವಾ ದೋಷದ ದೀಪ ಮಿಟುಕುತ್ತಿದೆಯೇ ಅಂತ ಗೊತ್ತಾಗುತ್ತದೆ.

ಈಗಾಗಲೇ ತಗೊಂಡುಬಿಟ್ಟಿದ್ದರೆ

ಸೀಲ್ ಒಡೆದಿಲ್ಲ ಅಂದರೆ ಇವತ್ತೇ ಅಂಗಡಿಗೆ ಹೋಗಿ ಮಾತಾಡಿ. ಮೇಲಿನ ದುಡ್ಡು ಕೊಡುತ್ತೇನೆ, ಹೊಸದು ಕೊಡಿ ಅಂದರೆ ಪರಿಚಯದವರು ಒಪ್ಪುತ್ತಾರೆ. ಆನ್‌ಲೈನ್‌ನಲ್ಲಿ ತಗೊಂಡಿದ್ದರೆ ವಾಪಸ್ ಮಾಡುವ ದಿನ ಮುಗಿಯುವ ಮುಂಚೆ ನೋಡಿಕೊಳ್ಳಿ. ಸೀಲ್ ಒಡೆದು ಬಳಸಿದ್ದರೆ, ವ್ಯತ್ಯಾಸದ ದುಡ್ಡಿಗೆ ಡಿಸ್ಕೋ ಬ್ಲೇಡೋ ಕೊಡಿ ಅಂತ ಕೇಳಬಹುದು. ನನಗೆ ಹಾಗೆ ಕೇಳಿದ್ದಕ್ಕೆ ಒಂದು ಡಬ್ಬ ಕಟಿಂಗ್ ಡಿಸ್ಕ್ ಸಿಕ್ಕಿತು. ಹೊಸ ಮಾಡೆಲ್ ಬಂತು ಅಂತ ಅಷ್ಟಕ್ಕೇ ದೂರು ಕೊಡಲು ಬರುವುದಿಲ್ಲ. ಆದರೆ ಹಳೆಯದನ್ನೇ ಹೊಸ ಮಾಡೆಲ್ ಅಂತ ಸುಳ್ಳು ಹೇಳಿ ಮಾರಿದ್ದರೆ, ಎಂಆರ್‌ಪಿಗಿಂತ ಜಾಸ್ತಿ ತಗೊಂಡಿದ್ದರೆ, ತಿಂಗಳ ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ವಾರಂಟಿ ಕಾರ್ಡ್ ಇವತ್ತೇ ಓದಿ. ಕೆಲವು ಕಂಪನಿಗಳು ಇಂತಿಷ್ಟು ದಿನದೊಳಗೆ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿದರೆ ಮಾತ್ರ ವಾರಂಟಿ ಜಾಸ್ತಿ ಕೊಡುತ್ತವೆ. ಬಿಲ್ ಆ ನುಣುಪು ಹಾಳೆಯ ಮೇಲೆ ಪ್ರಿಂಟ್ ಆಗಿದ್ದರೆ ಕೆಲವು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆ ಉಳಿಯುತ್ತದೆ. ಅವತ್ತೇ ಝೆರಾಕ್ಸ್ ತೆಗೆಸಿ ಮಷೀನಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಗಲ ಟೇಪಿನಿಂದ ಅಂಟಿಸಿಬಿಡಿ. ಸರ್ವಿಸ್ ಸೆಂಟರಿಗೆ ಮಷೀನ್ ಹೋದಾಗ ಬಿಲ್ಲೂ ಜೊತೆಗೇ ಹೋಗುತ್ತದೆ.